ಎಕ್ಸ್-13ರ ಎಂ7, ಕ್ಯೂ ಅಂಕಿಗಳು ಆರ್‌ನಲ್ಲಿ ಸಿಗದಿದ್ದರೆ ಎಲ್ಲಿ ಹುಡುಕಬೇಕು

ಮಲ್ಪೆ ಬಂದರಿನ ತಿಂಗಳ ಮೀನಿನ ಲೆಕ್ಕವನ್ನು ಆರ್ ಎಂಬ ಸ್ಟಾಟಿಸ್ಟಿಕ್ಸ್ ಸಾಫ್ಟ್‌ವೇರ್‌ಗೆ ಹಾಕಿದ್ದೀರಿ. ಅದರಿಂದ ಋತುಮಾನದ ಏರಿಳಿತ ತೆಗೆಯಬೇಕು; ಆ ಕೆಲಸ ಮಾಡುವ ಪ್ರೋಗ್ರಾಂ ಎಕ್ಸ್-13, ಆರ್‌ನಿಂದ ಅದನ್ನು ಓಡಿಸುವುದು ‘ಸೀಸನಲ್’ ಪ್ಯಾಕೇಜ್. ‘ಸೀಸನಲ್’ ಪ್ಯಾಕೇಜಿನ ‘ಸೀಸ್’ ಫಂಕ್ಷನ್ ಎರರ್ ಕೊಡದೆ ಓಡಿತು. ಗ್ರಾಫೂ ಚಂದ ಬಂತು. ಅಷ್ಟರಲ್ಲಿ ಪ್ರಾಜೆಕ್ಟ್ ಗೈಡ್ ಕೇಳುತ್ತಾರೆ: “ಎಂ7 ಎಷ್ಟು ಬಂತು? ಕ್ಯೂ ಒಂದಕ್ಕಿಂತ ಕಡಿಮೆ ಉಂಟಾ?” ಸಮ್ಮರಿಯಲ್ಲಿ ಮೇಲಿಂದ ಕೆಳಗೆ ಕಣ್ಣಾಡಿಸಿದರೆ ಆ ಹೆಸರೇ ಇಲ್ಲ. ಉಡುಪಿ, ಮಂಗಳೂರು ಕಡೆಯ ಸ್ಟಾಟಿಸ್ಟಿಕ್ಸ್ ವಿದ್ಯಾರ್ಥಿಗಳು ನನ್ನನ್ನು ಕೇಳುವುದರಲ್ಲಿ ಇದೇ ಜಾಸ್ತಿ. “ಎಂತ ಸರ್ ಇದು, ಸಾಫ್ಟ್‌ವೇರೇ ಹಾಳಾಗಿದೆಯಾ?” ಸಾಫ್ಟ್‌ವೇರ್ ಹಾಳಾಗಿರುವುದು ಅಪರೂಪ. ಎಂ7 ಅಂದರೆ ಸರಣಿಯಲ್ಲಿ ಋತುಮಾನ ನಂಬುವಷ್ಟು ಸ್ಪಷ್ಟವಾಗಿದೆಯೋ ಎಂದು ಹೇಳುವ ಅಂಕಿ. ಕ್ಯೂ ಅಂದರೆ ಇಂಥ ಎಂ ಅಂಕಿಗಳನ್ನೆಲ್ಲ ಸೇರಿಸಿದ ಒಟ್ಟು ಅಂಕಿ. ಎರಡೂ ಒಂದರ ಒಳಗಿರಬೇಕು.

ಕೋಡಿನ ಹೆಸರುಗಳನ್ನೆಲ್ಲ ಇಲ್ಲಿ ಉಚ್ಚಾರಣೆಯ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಒಂದು ವಿಷಯ ಮೊದಲೇ ಬಿಡಿಸಿಕೊಳ್ಳೋಣ. ಅಂಕಿ ಸಿಗುತ್ತಲೇ ಇಲ್ಲ ಅನ್ನುವುದು ಒಂದು ತೊಂದರೆ. ಅಂಕಿ ಸಿಕ್ಕಿದೆ, ಆದರೆ ಒಂದನ್ನು ದಾಟಿದೆ ಅನ್ನುವುದು ಇನ್ನೊಂದು. ಮೊದಲನೆಯದು ಕೇಳುವ ರೀತಿಯ ದೋಷ, ಎರಡನೆಯದು ಹೆಚ್ಚಾಗಿ ಡೇಟಾದ ದೋಷ. ಎರಡನ್ನೂ ಕಲಸಿಕೊಂಡು, ಅಂಕಿ ಸಿಗದಿದ್ದಕ್ಕೆ ಡೇಟಾ ತಿದ್ದುತ್ತಾ ಕೂತರೆ ಇಡೀ ದಿನ ಹಾಳು. ಮೂರನೆಯದೂ ಒಂದಿದೆ: ಅಂಕಿ ಬಹಳ ಚಂದ ಬಂದಿದೆ, ಲೆಕ್ಕ ಮಾತ್ರ ಪೂರ್ತಿ ತಪ್ಪು. ನನಗೆ ಹೆದರಿಕೆ ಇರುವುದು ಈ ಮೂರನೆಯದರ ಬಗ್ಗೆ.

ದೋಷ ಯಾವ ಕಡೆ ಇದೆ?

ನಿಮ್ಮ ಡೇಟಾವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ‘ಚೆಕ್‌ಎಕ್ಸ್13’ ಫಂಕ್ಷನ್ ಓಡಿಸಿ. ಎಕ್ಸ್-13 ಪ್ರೋಗ್ರಾಂ ಆರ್‌ನ ಕೈಗೆ ಸಿಗುತ್ತಿದೆಯೋ ಇಲ್ಲವೋ ಅದು ಹೇಳುತ್ತದೆ. ಈಗ ‘ಎಕ್ಸ್13ಬೈನರಿ’ ಪ್ಯಾಕೇಜ್ ಜೊತೆಗೇ ಬರುವುದರಿಂದ ಇಲ್ಲಿ ಸಿಕ್ಕಿಹಾಕಿಕೊಳ್ಳುವವರು ಕಡಿಮೆ.

ಆಮೇಲೆ ಆರ್‌ನ ಒಳಗೇ ಇರುವ ‘ಏರ್‌ಪ್ಯಾಸೆಂಜರ್ಸ್’ ಸರಣಿ ತೆಗೆದುಕೊಳ್ಳಿ. 1949ರಿಂದ 1960ರವರೆಗಿನ 144 ತಿಂಗಳ ವಿಮಾನ ಪ್ರಯಾಣಿಕರ ಲೆಕ್ಕ ಅದು. ಎಲ್ಲರೂ ಪರೀಕ್ಷೆಗೆ ಬಳಸುವ ಸರಣಿ. ಮುಂದೆ ಹೇಳುವ ಕ್ರಮದಲ್ಲಿ ಅದಕ್ಕೆ ಎಂ7 ಬಂದರೆ ಸಾಫ್ಟ್‌ವೇರ್, ಹೆಸರು, ಆಯ್ಕೆ ಎಲ್ಲವೂ ಸರಿ; ದೋಷ ನಿಮ್ಮ ಸರಣಿಯಲ್ಲಿದೆ. ಅದಕ್ಕೂ ಬರದಿದ್ದರೆ ಮೀನಿನ ಲೆಕ್ಕವನ್ನು ಮುಟ್ಟಲೇಬೇಡಿ.

ಸೀಟ್ಸ್ ಹತ್ತಿರ ಎಂ ಕೇಳಿದರೆ

ಹತ್ತರಲ್ಲಿ ಎಂಟು ಸಲ ಕಾರಣ ಇದೇ. ಎಕ್ಸ್-13ರ ಒಳಗೆ ಋತುಮಾನ ತೆಗೆಯಲು ಎರಡು ದಾರಿಗಳಿವೆ. ಒಂದು ಎಕ್ಸ್-11, ಅಮೆರಿಕದ ಸೆನ್ಸಸ್ ಬ್ಯೂರೋದಲ್ಲಿ 1960ರ ದಶಕದಲ್ಲಿ ಹುಟ್ಟಿದ್ದು. ಇನ್ನೊಂದು ಸೀಟ್ಸ್, ಸ್ಪೇನ್‌ನ ಕೇಂದ್ರ ಬ್ಯಾಂಕಿನಿಂದ ಬಂದದ್ದು. ಎಂ1ರಿಂದ ಎಂ11ರವರೆಗಿನ ಅಂಕಿಗಳು, ಅವುಗಳ ಒಟ್ಟು ಸರಾಸರಿ ಕ್ಯೂ, ಇವೆಲ್ಲ ಎಕ್ಸ್-11 ದಾರಿಗಾಗಿ ಕೆನಡಾದ ಅಂಕಿಅಂಶ ಇಲಾಖೆಯಲ್ಲಿ ಲೋಥಿಯನ್ ಮತ್ತು ಮೋರಿ 1978ರಲ್ಲಿ ಕಟ್ಟಿದ್ದು. ಸೀಟ್ಸ್‌ಗೂ ಇವಕ್ಕೂ ಸಂಬಂಧವಿಲ್ಲ.

ಆದರೆ ‘ಸೀಸ್’ ಫಂಕ್ಷನ್‌ಗೆ ನೀವು ಏನೂ ಹೇಳದಿದ್ದರೆ ಅದು ಸುಮ್ನೆ ಸೀಟ್ಸ್ ದಾರಿ ಹಿಡಿಯುತ್ತದೆ. ಎಕ್ಸ್-11 ಬೇಕಾದರೆ ‘ಎಕ್ಸ್11’ ಎಂಬ ಆಯ್ಕೆಯನ್ನು ಸೇರಿಸಿ, ಅದರ ಬೆಲೆಯಾಗಿ ಖಾಲಿ ಸ್ಟ್ರಿಂಗ್ ಕೊಡಬೇಕು. ಅಂದರೆ ಸಮ ಚಿಹ್ನೆಯ ಮುಂದೆ ಉದ್ಧರಣ ಚಿಹ್ನೆ ತೆರೆದು ಅಲ್ಲೇ ಮುಚ್ಚಿ, ಮಧ್ಯೆ ಏನೂ ಬೇಡ. ಸಮ್ಮರಿಯನ್ನು ಮತ್ತೆ ನೋಡಿ. ಮೊದಲು ‘ಸೀಟ್ಸ್’ ಅಂತ ಇದ್ದ ಜಾಗದಲ್ಲಿ ಈಗ ‘ಎಕ್ಸ್11’ ಅಂತ ಇರಬೇಕು. ಇದೊಂದು ಸಾಲನ್ನು ಗಮನಿಸಿದ್ದರೆ ಎಷ್ಟೋ ಜನರ ಸಂಜೆ ಉಳಿಯುತ್ತಿತ್ತು.

ಸೀಟ್ಸೇ ಬೇಕು ಅನ್ನುವವರು ಎಂ ಅಂಕಿಗಳನ್ನು ಬಿಟ್ಟು ‘ಕ್ಯೂಎಸ್’ ಫಂಕ್ಷನ್ ಕರೆಯಿರಿ. ಇದು ಬೇರೆ, ಮೇಲಿನ ಕ್ಯೂ ಬೇರೆ. ಹೆಸರು ಹತ್ತಿರ ಇರುವುದರಿಂದ ವರದಿಯಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದವರನ್ನು ನೋಡಿದ್ದೇನೆ. ಕ್ಯೂಎಸ್ ಕೇಳುವುದು ಇಷ್ಟೇ: ಸರಣಿಯಲ್ಲಿ ಋತುಮಾನದ ಸುಳಿವು ಉಂಟೋ? ಮೂಲ ಸರಣಿಗೆ ಪಿ ಬೆಲೆ ಸಣ್ಣದಿರಬೇಕು. ಹೊಂದಾಣಿಕೆ ಆದ, ಅಂದರೆ ಋತುಮಾನ ತೆಗೆದ, ಸರಣಿಗೆ ದೊಡ್ಡದಿರಬೇಕು. ಆದ ಮೇಲೂ 0.01ಕ್ಕಿಂತ ಕೆಳಗೆ ಇದ್ದರೆ ಋತುಮಾನ ಪೂರ್ತಿ ಹೋಗಿಲ್ಲ ಅಂತ ಅರ್ಥ. ಎಕ್ಸ್-11 ಬಳಸುವವರೂ ಇದನ್ನು ನೋಡುವುದು ಒಳ್ಳೆಯದು.

ಎಕ್ಸ್-11 ಇದೆ, ಆದರೂ ಸಮ್ಮರಿಯಲ್ಲಿ ಇಲ್ಲ

ಇರುವುದಿಲ್ಲ. ಸಮ್ಮರಿ ತೋರಿಸುವುದು ಮಾಡೆಲ್‌ನ ಗುಣಾಂಕಗಳು, ಎಐಸಿಸಿ, ಬಿಐಸಿ, ಕ್ಯೂಎಸ್, ಬಾಕ್ಸ್-ಲ್ಯುಂಗ್, ಶಪೀರೋ ಇಂಥವನ್ನೇ. ಎಂ ಅಂಕಿಗಳು ಎಕ್ಸ್-13 ಬರೆಯುವ ಯುಡಿಜಿ ಎಂಬ ಫೈಲಿನಲ್ಲಿ ಕೂತಿರುತ್ತವೆ. ಅದನ್ನು ಓದಲು ಅದೇ ಹೆಸರಿನ ಫಂಕ್ಷನ್ ಇದೆ: ‘ಯುಡಿಜಿ’. ಮೊದಲ ಜಾಗದಲ್ಲಿ ನಿಮ್ಮ ಮಾಡೆಲ್, ಎರಡನೇ ಜಾಗದಲ್ಲಿ ಬೇಕಾದ ಅಂಕಿಯ ಹೆಸರು.

ಈ ಹೆಸರಿನಲ್ಲೇ ಎಡವುವುದು. ಎಂ7 ಅಂತ ಕೇಳಿದರೆ ಸಿಗುವುದಿಲ್ಲ. ಫೈಲಿನಲ್ಲಿ ಅದರ ಹೆಸರು ‘ಎಫ್3.ಎಂ07’. ಮುಂದೆ ಎಫ್3 ಬೇಕು, ಚುಕ್ಕಿ ಬೇಕು, ಏಳರ ಹಿಂದೆ ಸೊನ್ನೆಯೂ ಬೇಕು. ಎಕ್ಸ್-11ರ ಹಳೆಯ ಔಟ್‌ಪುಟ್‌ನಲ್ಲಿ ಈ ಅಂಕಿಗಳು ಎಫ್ 3 ಎಂಬ ಪಟ್ಟಿಯಲ್ಲಿ ಅಚ್ಚಾಗುತ್ತಿದ್ದವು, ಅದೇ ಹೆಸರು ಉಳಿದುಕೊಂಡಿದೆ. ಒಟ್ಟು ಅಂಕಿ ‘ಎಫ್3.ಕ್ಯೂ’. ಎಂ2 ಬಿಟ್ಟು ಲೆಕ್ಕ ಹಾಕಿದ ಕ್ಯೂ ‘ಎಫ್3.ಕ್ಯೂಎಂ2’. ಋತುಮಾನ ಗುರುತಿಸಲು ಆಗುತ್ತದೋ ಎಂಬುದಕ್ಕೆ ಹೌದು-ಅಲ್ಲ ಉತ್ತರ ಕೊಡುವುದು ‘ಎಫ್2.ಐಡಿಸೀಸನಲ್’.

ಹೆಸರನ್ನು ನೆನಪಿನಿಂದ ಟೈಪ್ ಮಾಡುವ ಬದಲು ಯುಡಿಜಿಗೆ ಮಾಡೆಲ್ ಮಾತ್ರ ಕೊಡಿ, ಇಡೀ ಲಿಸ್ಟ್ ಬರುತ್ತದೆ. ‘ನೇಮ್ಸ್’ ಹಾಕಿ ಹೆಸರುಗಳನ್ನು ತೆಗೆದು, ‘ಗ್ರೆಪ್’ನಿಂದ ಎಫ್3 ಇರುವುದನ್ನು ಸೋಸಿ. ಅಲ್ಲಿ ಕಂಡ ಹೆಸರನ್ನೇ ಕಾಪಿ ಮಾಡಿ. ಎಫ್3 ಎಂಬುದೇ ಲಿಸ್ಟಿನಲ್ಲಿ ಇಲ್ಲವಾದರೆ ನೀವಿನ್ನೂ ಸೀಟ್ಸ್‌ನಲ್ಲೇ ಇದ್ದೀರಿ, ಹಿಂದಿನ ಭಾಗಕ್ಕೆ ಹೋಗಿ.

ಇನ್ನೊಂದು ಸಣ್ಣ ಕಿರಿಕಿರಿ. ಒಂದೇ ಸಲಕ್ಕೆ ಎಂ7 ಮತ್ತು ಐಡಿಸೀಸನಲ್ ಎರಡನ್ನೂ ಕೇಳಿ ಒಂದೇ ವೆಕ್ಟರ್‌ನಲ್ಲಿ ಪಡೆದರೆ ಸಂಖ್ಯೆಯೂ ಅಕ್ಷರವಾಗಿಬಿಡುತ್ತದೆ. ನೋಡಲು 0.63 ಅಂತಲೇ ಇರುತ್ತದೆ, ಸರಾಸರಿ ತೆಗೆಯಲು ಹೋದಾಗ ಆರ್ ಮುಖ ತಿರುಗಿಸುತ್ತದೆ. ಸಂಖ್ಯೆಗಳನ್ನೆಲ್ಲ ಒಟ್ಟಿಗೆ ಕೇಳಿ, ಹೌದು-ಅಲ್ಲ ಉತ್ತರಗಳನ್ನು ಬೇರೆ ಕೇಳಿ.

ಎಂ7ರವರೆಗೆ ಬಂತು, ಎಂ8ರಿಂದ ಮುಂದೆ ಇಲ್ಲ

ಇದು ದೋಷವೇ ಅಲ್ಲ. ನಿಮ್ಮ ಸರಣಿ ಆರು ವರ್ಷಕ್ಕಿಂತ ಚಿಕ್ಕದು ಅಷ್ಟೇ. ಎಂ8ರಿಂದ ಎಂ11ರವರೆಗಿನವು ಋತುಮಾನ ವರ್ಷದಿಂದ ವರ್ಷಕ್ಕೆ ಎಷ್ಟು ಅಲುಗಾಡುತ್ತದೆ ಎಂದು ಅಳೆಯುತ್ತವೆ, ಅವುಗಳಲ್ಲಿ ಎಂ10, ಎಂ11 ಇತ್ತೀಚಿನ ವರ್ಷಗಳನ್ನು ಮಾತ್ರ ನೋಡುತ್ತವೆ. ನಾಲ್ಕೈದು ವರ್ಷದ ಲೆಕ್ಕದಲ್ಲಿ ಅದನ್ನು ಅಳೆಯಲು ಆಗುವುದಿಲ್ಲ, ಹಾಗಾಗಿ ಬಿಟ್ಟುಬಿಡುತ್ತದೆ.

ಆದರೆ ಇದರ ಪರಿಣಾಮ ಕ್ಯೂ ಮೇಲೆ ಇದೆ. ಕ್ಯೂ ಎಂದರೆ ಹನ್ನೊಂದು ಅಂಕಿಗಳ ತೂಕದ ಸರಾಸರಿ. ಉದ್ದದ ಸರಣಿಯಲ್ಲಿ ಎಂ7ರ ತೂಕ ನೂರಕ್ಕೆ 18. ಆರು ವರ್ಷಕ್ಕಿಂತ ಚಿಕ್ಕದಾದರೆ ಅದೇ 32 ಆಗುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. ಎಂ7 1.8 ಬಂದಿದೆ, ಉಳಿದೆಲ್ಲ 0.5 ಅಂದುಕೊಳ್ಳಿ. ಉದ್ದದ ಸರಣಿಯಲ್ಲಿ ಕ್ಯೂ 0.73 ಬರುತ್ತದೆ, ಚಿಕ್ಕದರಲ್ಲಿ 0.92. ಎರಡೂ ಒಂದಕ್ಕಿಂತ ಕಡಿಮೆ, ಎರಡೂ ಪಾಸ್! ಆದರೆ 1.8ರ ಎಂ7 ಹೇಳುತ್ತಿರುವುದು ಈ ಸರಣಿಯಲ್ಲಿ ನಂಬುವಂಥ ಋತುಮಾನವೇ ಕಾಣುವುದಿಲ್ಲ ಅಂತ. ವರದಿಯಲ್ಲಿ ಕ್ಯೂ ಒಂದನ್ನೇ ಬರೆದು ಕೈತೊಳೆದುಕೊಳ್ಳಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಎಂ7 ಮೊದಲು, ಕ್ಯೂ ಆಮೇಲೆ.

‘ಸೀಸ್’ ಓಡುವುದೇ ಇಲ್ಲ

ಎಕ್ಸೆಲ್‌ನಿಂದ ತಂದ ಲೆಕ್ಕವಾದರೆ ಅಲ್ಪವಿರಾಮ ನೋಡಿ. ನಮ್ಮ ಕಚೇರಿಗಳಲ್ಲಿ 1,23,456 ಅಂತ ಬರೆಯುವ ರೂಢಿ. ಅದು ಅಕ್ಷರವಾಗಿ ಬಂದಿದ್ದರೆ, ಸಂಖ್ಯೆ ಮಾಡಲು ಹೋದಾಗ ಆರ್ ಅದನ್ನು ಎನ್‌ಎ, ಅಂದರೆ ಖಾಲಿ ಬೆಲೆ, ಮಾಡಿ ಒಂದು ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತದೆ. ಆ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ, ಅಲ್ವಾ? ‘ಜಿಸಬ್’ನಿಂದ ಅಲ್ಪವಿರಾಮ ತೆಗೆದು ಆಮೇಲೆ ಸಂಖ್ಯೆ ಮಾಡಿ. ಕನ್ನಡ ಅಂಕೆಯಲ್ಲಿ ತುಂಬಿದ ಹಾಳೆಯಾದರೂ ಇದೇ ಗತಿ.

ಮಧ್ಯದ ಒಂದು ತಿಂಗಳು ನಿಜಕ್ಕೂ ಖಾಲಿ ಇದ್ದರೆ ‘ಎನ್‌ಎ.ಆ್ಯಕ್ಷನ್’ಗೆ ‘ಎನ್‌ಎ.ಎಕ್ಸ್13’ ಕೊಡಿ. ಆಗ ಎಕ್ಸ್-13 ತಾನೇ ಆ ಜಾಗವನ್ನು ಅಂದಾಜು ಮಾಡುತ್ತದೆ. ‘ಟಿಎಸ್’ ಮಾಡುವಾಗ ಫ್ರೀಕ್ವೆನ್ಸಿ 12 ಎಂದು ಹೇಳಿದ್ದೀರೋ ನೋಡಿ. ಪೂರ್ತಿ ಮೂರು ವರ್ಷಕ್ಕಿಂತ ಕಡಿಮೆ ಲೆಕ್ಕವನ್ನು ಎಕ್ಸ್-13 ಮುಟ್ಟುವುದಿಲ್ಲ, ಅದಕ್ಕೆ ಉಪಾಯವಿಲ್ಲ.

ಜೂನ್, ಜುಲೈಯ ಸೊನ್ನೆ

ಕರಾವಳಿಯ ಡೇಟಾ ಹಿಡಿದು ಕೂತವರಿಗೆ ಇದು ತಪ್ಪಿದ್ದಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮಲ್ಪೆಯಲ್ಲೂ ಮಂಗಳೂರು ದಕ್ಕೆಯಲ್ಲೂ ಬೋಟುಗಳು ಲಂಗರು ಹಾಕಿರುತ್ತವೆ. ಬರೇ ಟ್ರಾಲ್ ಬೋಟ್, ಪರ್ಸೀನ್ ಬೋಟ್‌ಗಳ ಲೆಕ್ಕ ತೆಗೆದುಕೊಂಡರೆ ಆ ಎರಡು ತಿಂಗಳು ಸೊನ್ನೆ. ಸೊನ್ನೆಗೆ ಲಾಗ್ ಇಲ್ಲ. ಗುಣಾಕಾರದ ಹೊಂದಾಣಿಕೆ ಅಲ್ಲಿಗೇ ನಿಲ್ಲುತ್ತದೆ.

ಆಗ ಎಲ್ಲರೂ ಮಾಡುವ ಜಾಣತನ, ಎಲ್ಲ ತಿಂಗಳಿಗೂ ಒಂದು ಟನ್ ಸೇರಿಸುವುದು. ಓಡುತ್ತದೆ. ಎಂ7 ಕೂಡ ಭಾರೀ ಚಂದ ಬರುತ್ತದೆ! ಬರದೆ ಇರುತ್ತದೆಯೇ? ಪ್ರತಿ ವರ್ಷ ಅದೇ ಎರಡು ತಿಂಗಳು ಅದೇ ಒಂದಕ್ಕೆ ಕುಸಿಯುತ್ತದೆ. ಇದಕ್ಕಿಂತ ಗಟ್ಟಿಯಾದ ಋತುಮಾನ ಇನ್ನೆಲ್ಲಿ ಸಿಗಬೇಕು? ಆದರೆ ಹೊಂದಾಣಿಕೆ ಆದ ಅಂಕಿ ಸಿಗುವುದು ಮೂಲ ಅಂಕಿಯನ್ನು ಋತುಮಾನದ ಗುಣಾಂಕದಿಂದ ಭಾಗಿಸಿ. ಜೂನ್‌ನ ಗುಣಾಂಕ ಸೊನ್ನೆಗೆ ತಾಗಿಕೊಂಡಿರುತ್ತದೆ. ಮುಂದೊಂದು ವರ್ಷ ಮೇ ಕೊನೆಯ ದಿನ ಬಂದ ಬೋಟಿನ ಎರಡು ಟನ್ ಜೂನ್ ಲೆಕ್ಕಕ್ಕೆ ಬಿದ್ದರೆ ಸಾಕು. ಒಂದಿದ್ದದ್ದು ಮೂರಾಯಿತು, ಹೊಂದಾಣಿಕೆಯಾದ ಜೂನ್ ಮೂರು ಪಟ್ಟು ಹಾರುತ್ತದೆ. ನಿಷೇಧದ ತಿಂಗಳಲ್ಲಿ ಮೀನುಗಾರಿಕೆ ಮೂರು ಪಟ್ಟು ಬೆಳೆಯಿತು ಎಂಬ ವರದಿ ತಯಾರು.

ಒಟ್ಟು ಮೀನಿನ ಲೆಕ್ಕ ತೆಗೆದುಕೊಂಡರೆ ಸ್ವಲ್ಪ ವಾಸಿ. ಮಳೆಗಾಲದಲ್ಲಿ ನಾಡದೋಣಿಗಳು ಮೀನು ಹಿಡಿಯುವುದರಿಂದ ಸೊನ್ನೆ ಬರುವುದಿಲ್ಲ. ಆದರೂ ಕಡಲು ರೇಗಿದ ವರ್ಷ, ತಣ್ಣಗಿದ್ದ ವರ್ಷಗಳ ನಡುವೆ ಆ ಸಣ್ಣ ಅಂಕಿಗಳು ಲಾಗ್‌ನಲ್ಲಿ ಬಹಳ ಕುಣಿಯುತ್ತವೆ. ಇಂಥ ಕ್ರಮವಿಲ್ಲದ ಕುಣಿತವನ್ನು ಅಳೆಯುವ ಎಂ1, ಎಂ3 ಒಂದನ್ನು ದಾಟಿದರೆ ಆಶ್ಚರ್ಯವಿಲ್ಲ. ‘ಟ್ರಾನ್ಸ್‌ಫಾರ್ಮ್.ಫಂಕ್ಷನ್’ಗೆ ‘ನನ್’ ಕೊಟ್ಟು ಕೂಡಿಸುವ ಹೊಂದಾಣಿಕೆಯನ್ನೂ ಓಡಿಸಿ, ಎರಡನ್ನೂ ಹೋಲಿಸಿ. ಬರೇ ಯಾಂತ್ರಿಕ ದೋಣಿಗಳ ಲೆಕ್ಕವಾದರೆ ನನ್ನ ಸಲಹೆ ಬೇರೆ: ಎಕ್ಸ್-11ಅನ್ನು ಬಿಟ್ಟುಬಿಡಿ. ಅದಕ್ಕೆ ತಿಂಗಳು ಅಥವಾ ತ್ರೈಮಾಸಿಕ ಮಾತ್ರ ಗೊತ್ತು, ಹತ್ತು ತಿಂಗಳ ವರ್ಷ ಅಂತ ಹೇಳಲು ಬರುವುದಿಲ್ಲ. ಈ ಆಗಸ್ಟನ್ನು ಕಳೆದ ಆಗಸ್ಟ್ ಜೊತೆ ಹೋಲಿಸಿದರೆ ಸಾಕು.

ಅಂಕಿ ಬಂತು, ಒಂದನ್ನು ದಾಟಿದೆ

ಎಂ ಅಂಕಿಗಳು ಸೊನ್ನೆಯಿಂದ ಮೂರರವರೆಗೆ ಇರುತ್ತವೆ. ಒಂದರವರೆಗೆ ಒಪ್ಪಿಗೆ. ಎಂ7 ಕೆಟ್ಟಿದ್ದರೆ ಅದರ ಒಳಗೆ ಇಣುಕಿ. ಎರಡು ಎಫ್ ಪರೀಕ್ಷೆಗಳಿಂದ ಅದು ಬರುತ್ತದೆ: ಸ್ಥಿರ ಋತುಮಾನದ ಎಫ್, ಅಲುಗಾಡುವ ಋತುಮಾನದ ಎಫ್. ಅಲುಗಾಡುವುದನ್ನು ಮೂರರಿಂದ ಗುಣಿಸಿ, ಏಳು ಕೂಡಿಸಿ, ಸ್ಥಿರದ ಎಫ್‌ನಿಂದ ಭಾಗಿಸಿ, ಅರ್ಧ ಮಾಡಿ, ವರ್ಗಮೂಲ ತೆಗೆಯಿರಿ. ಸ್ಥಿರ 20, ಅಲುಗಾಟ 3 ಇದ್ದರೆ ಎಂ7 0.63. ಅಲುಗಾಟ ಅಷ್ಟೇ ಇದ್ದು ಸ್ಥಿರ 6ಕ್ಕೆ ಇಳಿದರೆ 1.15, ಫೇಲ್. ಎರಡೂ ಎಫ್‌ಗಳು ಯುಡಿಜಿ ಲಿಸ್ಟಿನಲ್ಲಿ ‘ಎಫ್2.’ ಎಂದು ಶುರುವಾಗುವ ಹೆಸರುಗಳಲ್ಲೇ ಇವೆ. ಸ್ಥಿರ ಕಡಿಮೆಯೋ, ಅಲುಗಾಟ ಜಾಸ್ತಿಯೋ ನೋಡಿ. ಮದ್ದು ಬೇರೆ ಬೇರೆ.

ಸ್ಥಿರ ಕಡಿಮೆ ಇದ್ದರೆ ಋತುಮಾನವೇ ಇಲ್ಲದಿರಬಹುದು, ಒತ್ತಾಯ ಮಾಡಬೇಡಿ. ಅಲುಗಾಟ ಜಾಸ್ತಿ ಇದ್ದರೆ ಮೊದಲು ಹಬ್ಬಗಳನ್ನು ಅನುಮಾನಿಸಿ. ಬಟ್ಟೆ, ಚಿನ್ನ, ಮಿಠಾಯಿ ವ್ಯಾಪಾರದ ಲೆಕ್ಕದಲ್ಲಂತೂ ಖಂಡಿತ. ದೀಪಾವಳಿ 2023ರಲ್ಲಿ ನವೆಂಬರ್‌ಗೆ ಬಂತು, 2025ರಲ್ಲಿ ಅಕ್ಟೋಬರ್‌ಗೆ. ಎಕ್ಸ್-13ಕ್ಕೆ ಇದು ಗೊತ್ತಿಲ್ಲ. ಹಬ್ಬಗಳಲ್ಲಿ ಅದು ತಾನಾಗಿ ಪರೀಕ್ಷಿಸುವುದು ಈಸ್ಟರ್ ಒಂದನ್ನೇ. ನಮ್ಮೂರುಗಳಲ್ಲಿ ಕ್ರೈಸ್ತರು ಸಾಕಷ್ಟು ಇರುವುದರಿಂದ ಅದು ಪೂರ್ತಿ ದಂಡ ಅನ್ನಲಾರೆ, ಆದರೆ ಸಾಲದು. ‘ಸೀಸನಲ್’ ಪ್ಯಾಕೇಜಿನಲ್ಲಿ ‘ದಿವಾಲಿ’ ಎಂಬ ದಿನಾಂಕಗಳ ಸರಣಿ ಸಿದ್ಧವಾಗಿಯೇ ಇದೆ. ಭಾರತದ ಕೈಗಾರಿಕಾ ಉತ್ಪಾದನೆಯ ಸರಣಿ ‘ಐಐಪಿ’ಯೂ ಇದೆ. ದಿನಾಂಕಗಳನ್ನು ‘ಜೆನ್‌ಹೋಲ್’ ಫಂಕ್ಷನ್‌ಗೆ ಕೊಡಿ. ಬಂದದ್ದನ್ನು ‘ಎಕ್ಸ್‌ರೆಗ್’ ಆಯ್ಕೆಯಲ್ಲಿ ಹಾಕಿ. ‘ರಿಗ್ರೆಷನ್.ಯೂಸರ್‌ಟೈಪ್’ಗೆ ‘ಹಾಲಿಡೇ’ ಎಂದು ಹೇಳಲು ಮರೆಯಬೇಡಿ. ರಂಜಾನ್‌ನ ದಿನಾಂಕಗಳನ್ನು ನೀವೇ ತುಂಬಬೇಕು. ಅದು ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಇನ್ನೂ ಹೆಚ್ಚು ಗಲಿಬಿಲಿ ಮಾಡುತ್ತದೆ.

ಎಂ6 ಒಂದೇ ಕೆಟ್ಟಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕೆ ಅರ್ಥವಿರುವುದು ಋತುಮಾನ ಅಂದಾಜಿಸಲು 3×5 ಫಿಲ್ಟರ್ (ಒಂದು ಬಗೆಯ ಚಲಿಸುವ ಸರಾಸರಿ) ಬಳಸಿದಾಗ ಮಾತ್ರ. ಬೇರೆ ಫಿಲ್ಟರ್ ಇದ್ದರೆ ದಾಟಿ ಮುಂದೆ ಹೋಗಿ. 2020ರ ಲಾಕ್‌ಡೌನ್ ತಿಂಗಳುಗಳನ್ನು ಔಟ್‌ಲಯರ್ (ಸಾಲಿಗೆ ಹೊಂದದ ಅಂಕಿ) ಅಂತ ಹಿಡಿದಿದೆಯೋ ಎಂದು ಸಮ್ಮರಿಯಲ್ಲಿ ಒಮ್ಮೆ ನೋಡಿ.

ಅಂಕಿ ಚಂದ, ಲೆಕ್ಕ ತಪ್ಪು

ನಮ್ಮ ಕಚೇರಿ ಲೆಕ್ಕಗಳು ಏಪ್ರಿಲ್‌ನಿಂದ ಶುರು. ಹಾಳೆಯ ಮೊದಲ ಅಂಕಿ 2016ರ ಏಪ್ರಿಲ್‌ನದ್ದು. ‘ಟಿಎಸ್’ನಲ್ಲಿ ‘ಸ್ಟಾರ್ಟ್’ ಸುಮ್ನೆ 2016 ಅಂತ ಕೊಟ್ಟರೆ ಆರ್ ಅದನ್ನು ಜನವರಿ ಎಂದುಕೊಳ್ಳುತ್ತದೆ. ಇಡೀ ಸರಣಿ ಮೂರು ತಿಂಗಳು ಹಿಂದೆ ಸರಿಯಿತು. ಎಂ7 ಬದಲಾಗುತ್ತದೆಯೇ? ಹೆಚ್ಚುಕಡಿಮೆ ಇಲ್ಲ. ಹನ್ನೆರಡು ತಿಂಗಳಿಗೊಮ್ಮೆ ಮರುಕಳಿಸುವುದು ಹಾಗೇ ಇದೆಯಲ್ಲ. ತಿಂಗಳಿನ ಹೆಸರು ಎಂ ಅಂಕಿಗಳಿಗೆ ಗೊತ್ತೇ ಇಲ್ಲ. ದೀಪಾವಳಿಯ ಗುಣಾಂಕ ಮಾತ್ರ ತಪ್ಪು ತಿಂಗಳಿಗೆ ಹೋಗಿ ಕೂರುತ್ತದೆ, ವಾರದ ದಿನಗಳ ಲೆಕ್ಕವೂ ಎಕ್ಕುಟ್ಟಿ ಹೋಗುತ್ತದೆ. ನೀವು ನೋಡುವಾಗ ಅವೆರಡೂ ‘ಪರಿಣಾಮ ಇಲ್ಲ’ ಎನ್ನುತ್ತವೆ.

ತಿಂಗಳುವಾರು ಗ್ರಾಫ್ ಕೊಡುವ ‘ಮಂತ್‌ಪ್ಲಾಟ್’ ಹಾಕಿ. ಮೀನಿನ ನಿಷೇಧದ ಗುಂಡಿ ಜೂನ್-ಜುಲೈಯಲ್ಲಿ ಇರಬೇಕಾದದ್ದು ಮಾರ್ಚ್-ಏಪ್ರಿಲ್‌ನಲ್ಲಿ ಕಂಡರೆ ಸಿಕ್ಕಿಬಿದ್ದಂತೆ. ಸ್ಟಾರ್ಟ್‌ಗೆ ವರ್ಷ ಮತ್ತು ತಿಂಗಳು ಎರಡನ್ನೂ, 2016 ಮತ್ತು 4 ಎಂದು, ಕೊಡಿ. ಯಾವ ಸರಣಿಯಾದರೂ ಎಂ7 ನೋಡುವ ಮೊದಲು ಈ ಪ್ಲಾಟ್ ನೋಡಿ. ಊರಿನವರಿಗೆ ಗೊತ್ತಿರುವ ತಗ್ಗು-ದಿಣ್ಣೆ ಅಲ್ಲಿ ಸರಿಯಾದ ತಿಂಗಳಲ್ಲಿ ಕಾಣಬೇಕು.

ಪೈಥಾನ್‌ನಲ್ಲಿ ಮಾಡುವವರಿಗೆ

‘ಸ್ಟಾಟ್ಸ್‌ಮಾಡೆಲ್ಸ್’ನ ಎಕ್ಸ್13 ಅರಿಮಾ ಅನಾಲಿಸಿಸ್ ಫಂಕ್ಷನ್ ಎಕ್ಸ್-11 ದಾರಿಯನ್ನೇ ಹಿಡಿಯುತ್ತದೆ, ಅಷ್ಟು ಒಳ್ಳೆಯದು. ಆದರೆ ಯುಡಿಜಿ ಓದುವ ಸೌಕರ್ಯ ಇಲ್ಲ. ಅದು ಹಿಂದಿರುಗಿಸುವ ವಸ್ತುವಿನಲ್ಲಿ ‘ರಿಸಲ್ಟ್ಸ್’ ಎಂಬುದಿದೆ, ಎಕ್ಸ್-13ರ ಪೂರ್ತಿ ಔಟ್‌ಪುಟ್ ಅಲ್ಲಿ ಬರೀ ಪಠ್ಯವಾಗಿ ಇರುತ್ತದೆ. ಎಫ್ 3 ಪಟ್ಟಿಯನ್ನು ಅದರಲ್ಲಿ ಹುಡುಕಿ ತೆಗೆಯಬೇಕು. ಪದೇಪದೇ ಬೇಕಾಗುವುದಾದರೆ ಎಕ್ಸ್-13ಅನ್ನು ‘-ಎಸ್’ ಎಂಬ ಆಯ್ಕೆಯೊಂದಿಗೆ ನೇರವಾಗಿ ಓಡಿಸಿ. ಆಗ ಯುಡಿಜಿ ಫೈಲ್ ಬರುತ್ತದೆ. ಸಾಲಿಗೊಂದು ಹೆಸರು, ಕೋಲನ್ (:) ಚಿಹ್ನೆ, ಬೆಲೆ. ಪೈಥಾನ್‌ನಲ್ಲಿ ಓದುವುದು ಕೆಲವೇ ಸಾಲಿನ ಕೆಲಸ.

ಪ್ರೋಗ್ರಾಂ ಸಿಗಲಿಲ್ಲ ಎಂಬ ಎರರ್ ಬಂದರೆ ಪರಿಸರ ವೇರಿಯೆಬಲ್‌ನ ಹೆಸರು ನೋಡಿ. ಆರ್‌ನಲ್ಲಿ ಎಕ್ಸ್13 ಮತ್ತು ಪಾತ್ ನಡುವೆ ಅಂಡರ್‌ಸ್ಕೋರ್ ಉಂಟು, ಪೈಥಾನ್‌ನಲ್ಲಿ ಇಲ್ಲ. ಒಂದೇ ಕಂಪ್ಯೂಟರಿನಲ್ಲಿ ಎರಡನ್ನೂ ಬಳಸುವವರು ಎರಡು ಹೆಸರನ್ನೂ ಇಡಿ.

ತಿಂಗಳು ತಿಂಗಳು ಓಡಿಸುವಾಗ

ಬಂಗುಡೆ, ಬೂತಾಯಿ, ಅಂಜಲ್, ಸಿಗಡಿ ಹೀಗೆ ಜಾತಿಗೊಂದು ಸರಣಿ ಲೂಪ್‌ನಲ್ಲಿ ಓಡಿಸುತ್ತಿದ್ದರೆ ಒಂದು ಕೆಟ್ಟ ಸರಣಿ ಇಡೀ ಲೂಪನ್ನು ನಿಲ್ಲಿಸುತ್ತದೆ. ‘ಟ್ರೈಕ್ಯಾಚ್’ ಒಳಗೆ ಇಟ್ಟು, ಬಿದ್ದ ಸರಣಿಯ ಹೆಸರು ಮತ್ತು ಎರರ್ ಸಂದೇಶವನ್ನು ಬರೆದಿಡಿ. ಎಂ7, ಕ್ಯೂ, ಹೊಂದಾಣಿಕೆಯಾದ ಸರಣಿಯ ಕ್ಯೂಎಸ್ ಪಿ ಬೆಲೆ ಮೂರನ್ನೂ ಒಂದು ಟೇಬಲ್‌ಗೆ ಹಾಕಿ. ಎನ್‌ಎ ಬಂದ ಸಾಲನ್ನು ಅಳಿಸಬೇಡಿ, ದೋಷ ಇರುವುದೇ ಅಲ್ಲಿ.

ಕಳೆದ ತಿಂಗಳು 0.9 ಇದ್ದ ಎಂ7 ಈ ತಿಂಗಳು 1.1 ಆದರೆ ಗಾಬರಿ ಬೇಡ. ‘ಸೀಸ್’ ಪ್ರತಿ ಸಲ ಮಾಡೆಲನ್ನು ಹೊಸದಾಗಿ ಹುಡುಕುತ್ತದೆ. ಒಂದು ಹೊಸ ಅಂಕಿ ಸೇರಿದಾಗ ಮಾಡೆಲ್ ಅಥವಾ ಔಟ್‌ಲಯರ್ ಬದಲಾಗಿರಬಹುದು. ‘ಸ್ಟಾಟಿಕ್’ ಫಂಕ್ಷನ್‌ಗೆ ಹಳೆಯ ಮಾಡೆಲ್ ಕೊಟ್ಟರೆ ಆಗ ಆಯ್ಕೆಯಾದದ್ದನ್ನೆಲ್ಲ ಬಿಡಿಸಿ ಬರೆದ ಕೋಡ್ ಸಿಗುತ್ತದೆ. ಅದನ್ನು ಹೊಸ ಡೇಟಾ ಮೇಲೆ ಓಡಿಸಿ ಎಂ7 ನೋಡಿ. 0.9ರ ಆಸುಪಾಸಿಗೆ ಮರಳಿದರೆ ಬದಲಾದದ್ದು ಮಾಡೆಲ್. 1.1ರಲ್ಲೇ ನಿಂತರೆ ಹೊಸದಾಗಿ ಸೇರಿದ ಅಂಕಿಯನ್ನು ಹಾಳೆಯಲ್ಲಿ ಇನ್ನೊಮ್ಮೆ ನೋಡಿ, ಯಾರಾದರೂ ಕಿಲೋ ಜಾಗದಲ್ಲಿ ಟನ್ ಹಾಕಿದ್ದಾರೋ ಏನೋ.